ಕಲ್ಲುಮನೆಯ ಕಟ್ಟಿಗೆ

ಹಿಮಾಲಯದ ಒಂದು ಕಣಿವೆಯಲ್ಲಿ, ನದಿಯ ದಡದ ಆಶ್ರಮದಲ್ಲಿ, ಸುಪ್ರಭಾ ಎಂಬ ವೃದ್ಧೆ ಉಪನಿಷತ್ತಿನ ಪಾಠ ಹೇಳುತ್ತಿದ್ದರು. ಶಿಷ್ಯರು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು.

ತಾರಾನಾಥ ಅವರ ಬಳಿ ನಾಲ್ಕು ವರ್ಷ ಓದಿದ. ಓದು ಮುಗಿಯಿತು. ಇನ್ನು ಒಂದು ವಾರದಲ್ಲಿ ಅವನು ದಕ್ಷಿಣಕ್ಕೆ ಮರಳಿ, ತನ್ನೂರಿನ ಪಾಠಶಾಲೆಯಲ್ಲಿ ಅಧ್ಯಾಪಕನಾಗಬೇಕಿತ್ತು.

"ಹೊರಡುವ ಮುನ್ನ ನಿನಗೇನಾದರೂ ಬೇಕೆ?" ಎಂದು ಅಮ್ಮ ಕೇಳಿದರು.

"ಮೇಲಿನ ಸರೋವರಗಳನ್ನು ನೋಡಬೇಕು."

"ಜಪಕ್ಕೋ?"

ತಾರಾನಾಥನಿಗೆ ಸುಳ್ಳು ಹೇಳಲಾಗಲಿಲ್ಲ. "ಅಲ್ಲಮ್ಮಾ. ಸುಮ್ಮನೆ. ನಡೆಯಬೇಕು, ನೋಡಬೇಕು, ನೀರಿಗೆ ಇಳಿಯಬೇಕು. ಅಷ್ಟೇ."

"ಜಪಕ್ಕೆ ಎಂದಿದ್ದರೆ ಇಲ್ಲೇ ಕೂರು ಎನ್ನುತ್ತಿದ್ದೆ. ನಡೆ, ನಾನೂ ಬರುತ್ತೇನೆ."

ಸರೋವರಗಳು ಐದು. ಮೊದಲನೆಯದರ ದಡದಲ್ಲಿ ಒಂದು ಕಲ್ಲುಮನೆ ಇದೆ. ಉಳಿದ ನಾಲ್ಕು ಅದರಾಚೆಯ ಏಣಿನ, ಎಂದರೆ ಬೆಟ್ಟದ ಚೂಪು ಬೆನ್ನಿನ, ಹಿಂದೆ, ಅರ್ಧ ದಿನದ ನಡಿಗೆಯಲ್ಲಿವೆ.

ಎರಡನೆಯ ದಿನ ಬೆಳಿಗ್ಗೆ ಅವರು ಭೂರ್ಜವನವನ್ನು ತಲುಪಿದರು. ಅಲ್ಲಿಂದ ಮೇಲೆ ಮರವೆಂಬುದಿಲ್ಲ. ಹುಲ್ಲು, ಬಂಡೆ, ಹಿಮ.

ಅಮ್ಮ ಬಗ್ಗಿ ಒಣಕಟ್ಟಿಗೆ ಆರಿಸತೊಡಗಿದರು.

"ಇದೇಕಮ್ಮಾ?"

"ಈ ಕಣಿವೆಯ ನಡಾವಳಿ. ಮೇಲೆ ಹೋಗುವವರು ತಲೆಗೊಂದು ಹೊರೆ ಒಯ್ಯಬೇಕು. ಕಲ್ಲುಮನೆಯಲ್ಲಿ ಇದ್ದದ್ದನ್ನು ಉರಿಸಬೇಕು, ತಂದದ್ದನ್ನು ಇಡಬೇಕು."

"ತಂದದ್ದನ್ನೇ ಉರಿಸಿದರೆ?"

"ಉರಿಯುತ್ತದೆ."

ಅವರು ಎರಡು ಹೊರೆ ಕಟ್ಟಿದರು. ಅಮ್ಮ ತಮ್ಮದನ್ನು ಎತ್ತಿಕೊಳ್ಳಲು ಹೋದಾಗ ತಾರಾನಾಥ ತಡೆದ.

"ಶಿಷ್ಯನಿರುವಾಗ ಗುರುಗಳು ಹೊರುವುದೇ?"

ಅಮ್ಮ ಅವನ ಮುಖವನ್ನೊಮ್ಮೆ ನೋಡಿದರು. ಹೊರೆಯನ್ನು ಅವನಿಗೇ ಬಿಟ್ಟು ಮುಂದೆ ನಡೆದರು.

ಸ್ವಲ್ಪ ದೂರದಲ್ಲಿ ಸಡಿಲ ಕಲ್ಲುಗಳ ಇಳಿಜಾರು ಬಂತು. ಅಮ್ಮನ ಊರುಗೋಲು ಎರಡು ಬಾರಿ ಜಾರಿತು. ತಾರಾನಾಥ ಆಕಾಶ ನೋಡಿದ. ಒಂದು ಮೋಡವೂ ಇರಲಿಲ್ಲ. ಹಿಂದಕ್ಕೆ ಓಡಿ ಎರಡೂ ಹೊರೆಗಳನ್ನು ಕೊನೆಯ ಮರದಡಿ ಇಳಿಸಿ ಬಂದು, ಅಮ್ಮನ ಕೈ ಹಿಡಿದುಕೊಂಡ. ಗುರುಸೇವೆಗಿಂತ ಕಟ್ಟಿಗೆ ದೊಡ್ಡದಲ್ಲ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು.

ಅಮ್ಮ ಹಿಂದಿರುಗಿ ನೋಡಲಿಲ್ಲ.

ಇಳಿಹೊತ್ತಿಗೆ ಮೊದಲ ಸರೋವರ ಕಣ್ಣಿಗೆ ಬಿತ್ತು. ಅದು ಹಸಿರೋ ನೀಲಿಯೋ ಎಂದು ಅವನು ನಿಶ್ಚಯಿಸುವಷ್ಟರಲ್ಲಿ ಏಣಿನ ಹಿಂದಿನಿಂದ ಮೋಡ ಕವಿದು, ಆಲಿಕಲ್ಲು ಸುರಿಯಿತು. ಕಲ್ಲುಮನೆಯ ಬಾಗಿಲು ತೆರೆಯುವಾಗ ಅಮ್ಮನ ತುಟಿಗಳು ಕಪ್ಪಿಟ್ಟಿದ್ದವು. ಅವರ ಮಾತು ತೊದಲುತ್ತಿತ್ತು.

ತಾರಾನಾಥನಿಗೆ ತಾನು ಮಾಡಿದ್ದು ಆಗ ತಿಳಿಯಿತು.

ಕತ್ತಲ ಮೂಲೆಯಲ್ಲಿ ತಡಕಾಡಿದ. ಕೈಗೆ ಕಟ್ಟಿಗೆ ತಗುಲಿತು. ಒಲೆಯ ಅಳತೆಗೆ ಸರಿಯಾಗಿ ಕಡಿದು ಒಟ್ಟಿದ ಕಟ್ಟಿಗೆ. ಮರಗಟ್ಟಿದ ಬೆರಳಿಗೆ ಮೊದಲು ಸಿಗಲೆಂದು ಸಣ್ಣ ಕಡ್ಡಿಗಳನ್ನು ಯಾರೋ ಮೇಲೆಯೇ ಇಟ್ಟಿದ್ದರು.

ಬೆಂಕಿ ಹೊತ್ತಿತು. ಬಹಳ ಹೊತ್ತಿನ ಮೇಲೆ ಅಮ್ಮನ ತುಟಿಗೆ ಬಣ್ಣ ಮರಳಿತು.

"ಇದನ್ನು ಇಟ್ಟವರು ಯಾರಮ್ಮಾ?"

"ತಿಳಿಯದು."

"ತಿಳಿಯದವರ ಉಪಕಾರವನ್ನು ಸ್ಮರಿಸುವುದು ಹೇಗೆ?"

ಅಮ್ಮ ಅವನ ಎರಡೂ ಕೈಗಳನ್ನು ಹಿಡಿದು ಬೆಂಕಿಯ ಹತ್ತಿರಕ್ಕೆ ಎಳೆದರು. "ಮೊದಲು ಬೆಚ್ಚಗಾಗು."

ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಏಣಿನ ಮೇಲಿನ ದಾರಿ ಮೊದಲಿನಿಂದ ಕೊನೆಯವರೆಗೆ ಕಾಣುತ್ತಿತ್ತು. ತಾರಾನಾಥ ಪಾದರಕ್ಷೆ ಬಿಗಿದು ನಿಂತ.

ಅಮ್ಮ ಒಲೆಯ ಬೂದಿ ತೆಗೆದು, ಒಳಗೆ ಗುಡಿಸಿದರು. ಮೂಲೆಯಲ್ಲಿ ಉಳಿದಿದ್ದದ್ದು ಮೂರು ಕಟ್ಟಿಗೆ.

"ಹೊರೆಗಳನ್ನು ಕೆಳಗೆ ಬಿಟ್ಟೆ, ಅಮ್ಮಾ" ಎಂದ ತಾರಾನಾಥ. "ತಮ್ಮ ಕೈ ಹಿಡಿಯಲೆಂದು ಬಿಟ್ಟೆ."

"ಬಲ್ಲೆ. ನೀನು ಕೈ ಹಿಡಿದೆ, ನಾನು ಬೀಳಲಿಲ್ಲ. ನಿನಗೆ ಒಳ್ಳೆಯದಾಗಲಿ."

"ಇಂದು ಮೇಲಿನ ನಾಲ್ಕನ್ನು ನೋಡಿ ಬರುತ್ತೇನೆ. ನಾಳೆ ಕಟ್ಟಿಗೆ ತಂದಿಟ್ಟು ಹೊರಡೋಣ."

"ಆಗಲಿ. ಇಂದು ಸಂಜೆ ನೆನೆದು ಬರುವವರಿಗೆ, ಕಟ್ಟಿಗೆ ನಾಳೆ ಬರುತ್ತದೆ ಎಂದು ತಿಳಿಸುತ್ತೇನೆ."

ಆ ಮಾತಿನಲ್ಲಿ ಕೋಪವಿರಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. ಹೊಸ್ತಿಲ ಮೇಲೆ ನಿಂತು ಏಣನ್ನು ನೋಡಿದ, ಮೂರು ಕಟ್ಟಿಗೆಯನ್ನು ನೋಡಿದ. ಆಮೇಲೆ ಬಂದ ದಾರಿಯಲ್ಲೇ ಇಳಿದ.

ಭೂರ್ಜವನದ ಅಂಚಿನಲ್ಲಿ ಮೋಲಕ್ ರಾಮ್ ಎಂಬ ಕುರಿಗಾಹಿ ಬಿಡಾರ ಹೂಡಿದ್ದ. ತಾರಾನಾಥ ಎರಡು ಹೊರೆಗಳನ್ನು ಒಂದರ ಮೇಲೊಂದು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದುದನ್ನು ಅವನು ಬೀಡಿ ಸೇದುತ್ತ ನೋಡುತ್ತಿದ್ದ.

"ಏನು ಪಂಡಿತರೇ, ಮೇಲಿನಿಂದ ಇಳಿದು ಬಂದು ಮತ್ತೆ ಮೇಲಕ್ಕೇ ಹೊರಟಿರಿ. ನಮ್ಮ ಮುದಿ ಟಗರೂ ಹೀಗೆ ಮಾಡುವುದಿಲ್ಲ."

"ಟಗರಿಗೆ ಗುರುಗಳಿಲ್ಲ."

ಮೋಲಕ್ ರಾಮ್ ಕೆಮ್ಮುವವರೆಗೆ ನಕ್ಕ.

"ಕಲ್ಲುಮನೆಯಲ್ಲಿ ಕಟ್ಟಿಗೆ ಇಟ್ಟವರು ನೀವೇ ಏನಣ್ಣ?" ಎಂದು ತಾರಾನಾಥ ಕೈಮುಗಿದ. "ನಿನ್ನೆ ನಮ್ಮ ಅಮ್ಮನ ಪ್ರಾಣ ಉಳಿಯಿತು."

"ನಾನಲ್ಲ. ನಾನು ಹೋದ ತಿಂಗಳು ಇಟ್ಟದ್ದನ್ನು ಯಾರೋ ಉರಿಸಿರುತ್ತಾರೆ. ನನ್ನ ತಮ್ಮ ಹುಟ್ಟಿದ್ದು ಆ ಮನೆಯಲ್ಲೇ, ಹಿಮ ಬೀಳುವಾಗ. ಆವತ್ತು ಯಾರ ಕಟ್ಟಿಗೆ ಉರಿಯಿತೋ ನಮ್ಮವ್ವನಿಗೂ ಗೊತ್ತಿರಲಿಲ್ಲ." ಅವನು ಬೀಡಿ ಆರಿಸಿ, ಮೂಗೆತ್ತಿ ಗಾಳಿ ನೋಡಿದ. "ಮಾತಾಜಿಯನ್ನು ಕರೆದುಕೊಂಡು ಸಂಜೆಯೊಳಗೆ ಇಳಿದುಬಿಡಿ. ನನ್ನ ಬಿಡಾರದಲ್ಲೇ ಉಳಿಯಬಹುದು. ನಾಳೆ ಹಿಮ ಬೀಳುತ್ತದೆ. ಬಿದ್ದರೆ ಏಣಿನ ದಾರಿ ಇನ್ನು ಬೇಸಿಗೆಗೇ."

"ಹಾಗಾದರೆ ಮೇಲಿನ ಸರೋವರಗಳಿಗೆ ಇಂದೇ ಕೊನೆಯ ದಿನ."

"ಇಂದೇ. ಹೊರೆ ಇಲ್ಲೇ ಎಸೆದು ಓಡಿದರೆ ಎರಡನ್ನಾದರೂ ನೋಡಬಹುದು."

ತಾರಾನಾಥ ಹಗ್ಗವನ್ನು ಭುಜಕ್ಕೆ ಬಿಗಿದುಕೊಂಡ.

ಹತ್ತುವುದು ಸುಲಭವಾಗಿರಲಿಲ್ಲ. ಸಡಿಲ ಕಲ್ಲಿನ ಮೇಲೆ ಹೊರೆ ಅವನನ್ನು ಒಮ್ಮೆ ಮಂಡಿಯೂರಿಸಿತು. ಮಧ್ಯದಲ್ಲಿ ಸಿಟ್ಟು ಬಂತು; ಅಮ್ಮನ ಮೇಲೆ, ಮೋಡದ ಮೇಲೆ. ತನ್ನ ಮೇಲೆ ಬರಲು ಇನ್ನೂ ನೂರು ಹೆಜ್ಜೆ ಬೇಕಾಯಿತು. ಬರಬರುತ್ತ ಬೆನ್ನಿನ ಭಾರವಷ್ಟೇ ಉಳಿಯಿತು. ಇದೇ ಭಾರವನ್ನು ಯಾರೋ, ತನ್ನ ಹೆಸರೂ ತಿಳಿಯದವರು, ಇದೇ ಕಲ್ಲುಗಳ ಮೇಲೆ ಹೊತ್ತಿದ್ದರು.

ಅವನು ನಿಂತು, ಯಾರೂ ಇಲ್ಲದ ಇಳಿಜಾರಿಗೆ ಕೈಮುಗಿದ.

ಕಲ್ಲುಮನೆಯ ಮುಂದೆ ಅಮ್ಮ ಬಿಸಿಲು ಕಾಯಿಸುತ್ತ ಕುಳಿತಿದ್ದರು. ತಾರಾನಾಥ ಒಳಗೆ ಹೋಗಿ ಕಟ್ಟಿಗೆಯನ್ನು ಅಳತೆಗೆ ಮುರಿದು ಒಟ್ಟಿದ. ಸಣ್ಣ ಕಡ್ಡಿಗಳನ್ನು ಮೇಲೆ ಇಟ್ಟ. ಎರಡು ಬಾರಿ ಕಣ್ಣು ಮುಚ್ಚಿ, ಕೈ ಚಾಚಿ, ಸಿಗುತ್ತವೆಯೇ ಎಂದು ನೋಡಿದ.

ಹೊರಗೆ ಬಂದಾಗ ಅಮ್ಮ ಸರೋವರವನ್ನು ತೋರಿಸಿ, "ಬೆವರಿದ್ದೀಯೆ. ಇಳಿ" ಎಂದರು.

ನೀರು ಎದೆಯನ್ನು ಹಿಡಿದು ನಿಲ್ಲಿಸುವಷ್ಟು ತಣ್ಣಗಿತ್ತು. ಅವನು ಮುಳುಗಿ ಎದ್ದು, ಹಲ್ಲು ಕಟಕಟಿಸುತ್ತ ನಕ್ಕ. ನಾಲ್ಕು ವರ್ಷಗಳಲ್ಲಿ ಅವನು ಹಾಗೆ ನಕ್ಕದ್ದನ್ನು ಅಮ್ಮ ಕಂಡಿರಲಿಲ್ಲ. ಹಸಿರೋ ನೀಲಿಯೋ ಎಂದು ಕೇಳಿಕೊಳ್ಳಲು ಅವನಿಗೆ ನೆನಪಾಗಲಿಲ್ಲ.

ಮೈ ಒರೆಸಿಕೊಂಡು ಬಂದು ಅಮ್ಮನ ಪಾದಗಳ ಬಳಿ ಕುಳಿತ. ಏಣಿನ ತುದಿಯಲ್ಲಿ ಆಗಲೇ ಬೂದುಬಣ್ಣದ ಮೋಡದ ಅಂಚು ಕಾಣುತ್ತಿತ್ತು.

"ಆ ನಾಲ್ಕನ್ನು ನಾನಿನ್ನು ನೋಡಲಾರೆ" ಎಂದ. ಆ ಮಾತು ಅವನು ಅಂದುಕೊಂಡಷ್ಟು ನೋಯಿಸಲಿಲ್ಲ. "ತಾವಾದರೂ ಹೇಳಿ, ಅಮ್ಮಾ. ಅವು ಹೇಗಿವೆ?"

"ನಾನು ನೋಡಿಲ್ಲ."

"ನೋಡಿಲ್ಲವೇ? ತಾವು ಎಷ್ಟೋ ಸಲ ಬಂದಿದ್ದೀರಲ್ಲ."

"ಇದು ಹನ್ನೊಂದನೆಯ ಸಲ. ಪ್ರತಿ ಸಲವೂ ಈ ಮನೆಯವರೆಗೆ ಬಂದೆ, ಇಲ್ಲಿಂದಲೇ ಇಳಿದೆ."

"ದಾರಿ ಮುಚ್ಚಿತ್ತೇ?"

"ತೆರೆದಿತ್ತು."

"ಮತ್ತೇಕೆ ಮುಂದೆ ಹೋಗಲಿಲ್ಲ?"

ಅಮ್ಮ ಊರುಗೋಲನ್ನು ಎತ್ತಿಕೊಂಡು ಎದ್ದರು.

"ಬಾಗಿಲು ತೆರೆದಾಗಲೆಲ್ಲ ಒಳಗೆ ಕಟ್ಟಿಗೆ ಇತ್ತು. ನಾನು ನೋಡಲು ಬರುತ್ತಿದ್ದದ್ದು ಅದನ್ನೇ."