ಮೊಣಕಾಲಿನ ಗುರುತು

ಹೊಳೆದಂಡೆಯಲ್ಲಿ ಮಾನಯ್ಯಾಚಾರ್ರ ಕೆಲಸದ ಚಪ್ಪರ. ಹೊಸ ಬೀರುವಿಗೆ ನೂರು ವರ್ಷದ ಕಳೆ ತರುವುದು ಅಲ್ಲಿನ ವಿದ್ಯೆ.

ಮರಕ್ಕೆಲ್ಲ ಕಪ್ಪು ಮೆರುಗು ಬಳಿದು, ಒಣಗುವ ಮೊದಲೇ ಒರೆಸಬೇಕು. ಕೆತ್ತನೆಯ ಸಂದಿಯಲ್ಲಿ ಕಪ್ಪು ಉಳಿಯಬೇಕು, ಜನರ ಕೈ ತಾಗುವಲ್ಲಿ ಮರ ಹೊಳೆಯಬೇಕು. ಬಳಿಯುವುದನ್ನು ಯಾರು ಬೇಕಾದರೂ ಕಲಿತಾರು. ಒರೆಸುವುದರಲ್ಲೇ ಜೀವ ಹೋಗುವುದು.

ಶಂಭು ಹನ್ನೊಂದು ವರ್ಷದಿಂದ ಅಲ್ಲಿದ್ದ. ದೇವೀರಿ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಆದರೂ ಬಂದವರೆಲ್ಲ ಅವಳು ಮಾಡಿದ ಬೀರುವಿನ ಮುಂದೆಯೇ ನಿಂತು, "ಯಾವ ಕಾಲದ್ದಮ್ಮಾ ಇದು?" ಎನ್ನುವರು. ಶಂಭು ಒರೆಸುವ ಬಟ್ಟೆಯನ್ನು ಮೂಲೆಗೆ ಎಸೆಯುವನು.

ಒಂದು ದಿನ ಗುರುಗಳು ಮಾನಯ್ಯಾಚಾರ್ರು ಇಬ್ಬರನ್ನೂ ಕರೆದರು.

"ಮಠದ ದಾಸೋಹದ ಮನೆಗೆ ಒಂದು ಬೀರು ಬೇಕಂತೆ. ಒಬ್ಬೊಬ್ಬರು ಒಂದೊಂದಕ್ಕೆ ಮೆರುಗು ಹಾಕಿ. ಯಾರದು ಹೋಗುತ್ತೋ, ನನ್ನ ನಂತರ ಈ ಚಪ್ಪರ ಅವರದು."

ದೇವೀರಿ ಎರಡು ದಿನ ಮೆರುಗು ಮುಟ್ಟಲೇ ಇಲ್ಲ. ಮಠದಲ್ಲಿ ಬಡಿಸುವವರಂತೆ ಎರಡೂ ಕೈಯಲ್ಲಿ ಸಾರಿನ ಕೊಳಗ ಹಿಡಿದು ಬೀರುವಿನ ಮುಂದೆ ಅತ್ತಿತ್ತ ನಡೆದಳು, ಮೊಣಕಾಲಿನಿಂದ ಬಾಗಿಲು ದೂಡಿದಳು.

"ಏನಮ್ಮಾ ದೇವೀರಿ, ಬೀರು ಜೊತೆ ಕೋಲಾಟವೋ?" ಎಂದ ಶಂಭು.

"ಹೂಂ ಅಣ್ಣ. ಸುಮ್ನೆ ಕೂತಿದ್ದೀಯಲ್ಲ, ತಾಳ ಹಾಕು ಬಾ."

ಮೂರನೇ ದಿನ ಅವಳು ಮೆರುಗು ಹಾಕಿ ಒರೆಸಿ, ಬಟ್ಟೆ ಒಗೆಯಲು ಹೊಳೆಗಿಳಿದಳು. ಶಂಭು ಅವಳ ಬೀರುವಿನ ಬಳಿ ಕುಕ್ಕರಗಾಲಲ್ಲಿ ಕೂತ. ಬಾಗಿಲಿನ ಎಡ ಅಂಚಿನಲ್ಲಿ, ಮೊಣಕಾಲಿನ ಎತ್ತರಕ್ಕೆ, ಅಂಗೈಯಗಲ ಮರ ಹೊಳೆಯುತ್ತಿತ್ತು. ಗೇಣು ಹಾಕಿ ಅಳೆದ. ತನ್ನ ಬೀರುವಿಗೆ ಮೆರುಗು ಬಳಿದು, ಅದರ ಎಡ ಅಂಚಿನಲ್ಲೂ ಅಷ್ಟೇ ಎತ್ತರಕ್ಕೆ, ಅಷ್ಟೇ ಅಗಲ ಒರೆಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಗುರುಗಳು ಬಂದರು. ದೇವೀರಿಯ ಬೀರುವಿನಲ್ಲಿ ಹೊಳೆಯುವ ಜಾಗಕ್ಕೆ ಮೊಣಕಾಲು ತಾಗಿಸಿದರು. ತೆರೆದಿದ್ದ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಶಂಭುವಿನದಕ್ಕೂ ಹಾಗೆಯೇ ತಾಗಿಸಿದರು. ಬಾಗಿಲು ಅಲುಗಲಿಲ್ಲ.

"ಇದ್ಯಾಕೋ ಜಗ್ಗಲ್ಲ ಅನ್ನುತ್ತೆ?"

"ಅದು ಕೀಲಿನ ಕಡೆ, ಗುರುಗಳೇ." ಶಂಭು ಬಲ ಅಂಚಿಗೆ ಕೈ ತೋರಿದ. "ನನ್ನ ಬೀರುವಿನ ಬಾಗಿಲು ಬಲಗಡೆಯಿಂದ ತೆರೆಯೋದು."

"ಹೌದೇ? ಹಾಗಾದ್ರೆ ಇಲ್ಲಿ ಯಾರ ಮೊಣಕಾಲು ತಾಗಿ ತಾಗಿ ಸವೆಯಿತು?"

ದೇವೀರಿ ಹೊಳೆಯ ಕಡೆ ಮುಖ ತಿರುಗಿಸಿ ನಿಂತಳು, ನಗಲಿಲ್ಲ. ಅದರಿಂದ ಶಂಭುವಿಗೆ ಇನ್ನೂ ಉರಿಯಿತು.

"ಹನ್ನೊಂದು ವರ್ಷ ದುಡಿದೆ, ಗುರುಗಳೇ."

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ಅವಳ ಬೀರುವನ್ನ ಎರಡು ಸಲ ನೋಡಿದ್ದಾಯ್ತು. ನಿನ್ನದನ್ನ ಯಾವಾಗ ತೋರಿಸ್ತೀಯಪ್ಪ?"