ದ್ಯಾವಣ್ಣನ ದೋಣಿ ಪ್ರಶ್ನೆ

"ನಮ್ಮ ಸಭೆಯಲ್ಲಿ ಉತ್ತರ ಸಿಗದ ಪ್ರಶ್ನೆ ಎಂಬುದೇ ಇಲ್ಲ!"

ಹಿರೇಗಂಗೂರಿನ ರಾಜ ದೇಪರಾಜ ಹೀಗೆಂದು ಮೀಸೆ ತಿರುವುತ್ತಿದ್ದ. ಮಾತು ಸುಳ್ಳಲ್ಲ. ಊರೂರಿನ ಪ್ರತಿನಿಧಿಗಳು ಸಭೆಗೆ ಬಂದು ಪ್ರಶ್ನೆ ಕೇಳುತ್ತಿದ್ದರು. ಮಂತ್ರಿ ನಂಜರಸಯ್ಯ ಎದ್ದು ನಿಂತು ಉತ್ತರ ಕೊಡುತ್ತಿದ್ದ. ಸಭೆಗೆ ಒಂದೇ ನಿಯಮ: ಮಂತ್ರಿ ಆಡಿದ್ದು ಅರಮನೆಯ ಮಾತು, ಆಡಿದ ಮೇಲೆ ನುಂಗುವಂತಿಲ್ಲ. ಅದಕ್ಕೇ ನಂಜರಸಯ್ಯ ಎಲ್ಲೂ ಸಿಕ್ಕಿಹಾಕಿಕೊಳ್ಳದ ಹಾಗೆ ಆಡುವುದನ್ನು ರೂಢಿ ಮಾಡಿಕೊಂಡಿದ್ದ.

ಪ್ರಶ್ನೆಗೆ ಎರಡು ಭಾಗ ಇರಬೇಕೆಂಬುದು ಅಲ್ಲಿನ ಪದ್ಧತಿ. ಬಿದಿರುಕಟ್ಟೆಯ ಪ್ರತಿನಿಧಿ ದ್ಯಾವಣ್ಣನೂ ಹಾಗೆಯೇ ಕೇಳಿದ.

"ನಮ್ಮೂರ ಹೊಳೆಯ ಹರಿಗೋಲು ತಳ ಹರಿದು ಸೋರುತ್ತಿರುವುದು ಅರಮನೆಯ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಏನು ಕ್ರಮ ಕೈಗೊಳ್ಳಲಾಗಿದೆ?"

"ಮೊದಲನೆಯದಕ್ಕೆ, ಇಲ್ಲ. ಎರಡನೆಯದು ಉದ್ಭವಿಸುವುದಿಲ್ಲ," ಎಂದು ನಂಜರಸಯ್ಯ ಕೂತುಬಿಟ್ಟ.

ಮುಂದಿನ ಸಭೆಯಲ್ಲಿ ದ್ಯಾವಣ್ಣ ಅದನ್ನೇ ಕೇಳಿದ. ಅದೇ ಉತ್ತರ ಬಂತು. ಅದರ ಮುಂದಿನ ಸಭೆಯಲ್ಲೂ ಕೇಳಿದ. ಆಗ ಮಂತ್ರಿ ಒಂದು ಸಮಿತಿ ಮಾಡಿ, ದ್ಯಾವಣ್ಣನ ಬಾಯಿ ಮುಚ್ಚಲೆಂದು ಅವನನ್ನೂ ಅದರಲ್ಲಿ ಸೇರಿಸಿದ.

"ದೋಣಿ ಕೊಡಿಸೋಕೆ ಸಮಿತಿಯೇ, ಬುದ್ಧಿ?" ಎಂದ ದ್ಯಾವಣ್ಣ.

"ಅಲ್ಲ. ವಿಷಯ ಅರಮನೆಯ ಗಮನಕ್ಕೆ ಬಂದಿದೆಯೇ ಇಲ್ಲವೇ ಎಂದು ಪರಿಶೀಲಿಸುವುದಕ್ಕೆ."

ಸಮಿತಿ ಕೂತಷ್ಟು ದಿನ ಅರಮನೆಯಲ್ಲಿ ಹೋಳಿಗೆ ಊಟ. ಹಾಗಾಗಿ ಆ ರಾಜ್ಯದಲ್ಲಿ ಯಾವ ಸಮಿತಿಯೂ ಮುಗಿದದ್ದಿಲ್ಲ. "ಹೊಳೆ ನೋಡೋಕೆ ಯಾವತ್ತು ಹೋಗೋಣ, ಅಯ್ಯನವರೇ?" ಎಂದು ದ್ಯಾವಣ್ಣ ಕೇಳಿದಾಗ ಸಮಿತಿಯ ಹಿರಿಯರು ಎಲೆಯ ಮೇಲಿನ ತುಪ್ಪವನ್ನು ಬೆರಳಲ್ಲಿ ಒರೆಸುತ್ತ, "ಅವಸರ ಯಾಕಪ್ಪಾ? ಇವತ್ತು ವರದಿ ಕೊಟ್ಟರೆ ನಾಳೆಯಿಂದ ಮನೆಯಲ್ಲಿ ಸೊಪ್ಪಿನ ಸಾರು," ಎಂದರು.

ದ್ಯಾವಣ್ಣನಿಗೆ ಅವಸರವಿತ್ತು. ಸೂಲಗಿತ್ತಿ ಮಾಳವ್ವನ ಮನೆ ಹೊಳೆಯ ಆಚೆ ದಡದಲ್ಲಿ. ಅವನ ಮಗಳು ಪುಟ್ಟೀರಿ ತುಂಬು ಬಸುರಿ, ಈಚೆ ದಡದಲ್ಲಿ. ಹೋದ ಮಳೆಗಾಲದಲ್ಲಿ ಕರೆದರೂ ಮಾಳವ್ವ ಬರಲಾಗದೆ ಪಕ್ಕದ ಮನೆಯ ಸೊಸೆ ತೀರಿಕೊಂಡಿದ್ದಳು. ಮುಂಗಾರು ಇನ್ನೇನು ಬಾಗಿಲಿಗೆ ಬಂದಿತ್ತು.

ಊರಿಗೆ ಹೋದಾಗ ಪುಟ್ಟೀರಿ ಕೇಳಿದಳು: "ಅಪ್ಪಾ, ದೋಣಿ ತಂದ್ಯಾ?"

"ಉತ್ತರ ತಂದೆ ಕಣವ್ವಾ."

"ಅದ್ರಲ್ಲಿ ಕೂತ್ಕೊಂಡು ಹೊಳೆ ದಾಟಬೋದಾ?"

ದ್ಯಾವಣ್ಣನಿಗೆ ನಗು ಬರಲಿಲ್ಲ. ಮಗಳ ಮುಖ ನೋಡಲಾಗದೆ ಎದ್ದು ಹಿತ್ತಲಿಗೆ ಹೋದ.

ಮತ್ತೆ ಸಭೆ ಸೇರಿತು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಈ ಹೊತ್ತಿಗೆ ನಂಜರಸಯ್ಯ ದ್ಯಾವಣ್ಣ ಎದ್ದ ಕೂಡಲೇ ಕಣ್ಣು ಮುಚ್ಚಿ, ಅವನ ದನಿ ನಿಂತ ಕೂಡಲೇ ಬಾಯಿ ತೆರೆಯುವಷ್ಟು ಪಳಗಿದ್ದ. ರಾಜನಿಗೇ ಬೇಸರ ಬಂತು.

"ದ್ಯಾವಣ್ಣ, ಸಾಕು! ಮುಂದಿನ ಸಭೆಯೇ ಕೊನೆ. ಮಂತ್ರಿಗಳ ಬಾಯಿಂದಲೇ ದೋಣಿ ಹೊರಡಿಸಿದೆಯೋ ಸರಿ. ಇಲ್ಲವೋ, ಪೀಠ ಬಿಟ್ಟು ಊರಿಗೆ ನಡೆ."

"ಅಪ್ಪಣೆ, ಬುದ್ಧಿ," ಎಂದ ದ್ಯಾವಣ್ಣ.

ಕೊನೆಯ ಸಭೆಯ ದಿನ ಮೋಡ ಕವಿದಿತ್ತು. ಮಂತ್ರಿ ಊಟ ಮುಗಿಸಿ, ಮಜ್ಜಿಗೆ ಕುಡಿದು ಬಂದಿದ್ದ. ದ್ಯಾವಣ್ಣ ಎದ್ದ. ಮಂತ್ರಿಯ ಕಣ್ಣು ಮುಚ್ಚಿತು.

"ಬಿದಿರುಕಟ್ಟೆಯ ಹೊಳೆಗೆ ಅರಮನೆಯ ಹೊಸ ದೋಣಿಯನ್ನು ಇವತ್ತೇ ಕಳಿಸಲು ಮಂತ್ರಿಗಳದ್ದು ಏನಾದರೂ ಅಡ್ಡಿಯಿದೆಯೇ? ಇದ್ದಲ್ಲಿ, ವಿಷಯವನ್ನು ಇನ್ನೂ ಸಮಿತಿಯಲ್ಲೇ ಇಟ್ಟುಕೊಳ್ಳಲಾಗುವುದೇ?"

"ಮೊದಲನೆಯದಕ್ಕೆ, ಇಲ್ಲ. ಎರಡನೆಯದು ಉದ್ಭವಿಸುವುದಿಲ್ಲ."

ಹೋಳಿಗೆ ಸಮಿತಿಯ ಹಿರಿಯರು, "ಅಯ್ಯೋ!" ಎಂದರು. ನಂಜರಸಯ್ಯ ಕಣ್ಣು ಬಿಟ್ಟ.

"ಏನಾಯಿತು?"

"ಏನಿಲ್ಲ, ದೋಣಿ ಕೊಟ್ಟಿರಿ," ಎಂದ ರಾಜ.

"ಮೋಸ, ಪ್ರಭು! ನಾನು ಪ್ರಶ್ನೆಯನ್ನೇ ಕೇಳಿಸಿಕೊಳ್ಳಲಿಲ್ಲ!"

ದ್ಯಾವಣ್ಣ ಕೈ ಮುಗಿದ. "ಮಂತ್ರಿಗಳು ದೊಡ್ಡವರು, ಅವರ ಮಾತು ನಂಬೋಣ. ಕೇಳಿಸಿಕೊಳ್ಳದೆ ಕೊಟ್ಟ ಉತ್ತರ ಉತ್ತರವಲ್ಲ. ಹಾಗಾದರೆ ಇಷ್ಟು ವರ್ಷ ಯಾವ್ಯಾವ ಊರಿಗೆ ಹೀಗೆ ಉತ್ತರ ಕೊಟ್ಟಿದ್ದಾರೋ, ಎಲ್ಲವನ್ನೂ ಇವತ್ತಿಂದ ಮತ್ತೆ ಕೇಳೋಣ. ಯಾರು ಶುರು ಮಾಡ್ತೀರಪ್ಪಾ?"

ಪ್ರತಿನಿಧಿಗಳೆಲ್ಲ ಒಟ್ಟಿಗೆ ಎದ್ದು ನಿಂತರು. ರಾಜ ಹುಬ್ಬು ಗಂಟಿಕ್ಕಿ ಮಂತ್ರಿಯ ಕಡೆಗೆ ತಿರುಗಿದ. ನಂಜರಸಯ್ಯ ಒಂದು ದೋಣಿಯನ್ನೂ ಮಂತ್ರಿಪದವಿಯನ್ನೂ ಮನಸ್ಸಿನಲ್ಲೇ ತೂಗಿ ನೋಡಿದ.

"ಕೇಳಿಸಿಕೊಂಡೆ, ಪ್ರಭು! ಈಗ ನೆನಪಾಯಿತು. ಚೆನ್ನಾಗಿಯೇ ಕೇಳಿಸಿಕೊಂಡೆ!"

ದೋಣಿ ಅವತ್ತೇ ಹೊರಟಿತು. ಮುಂಗಾರು ಬಂತು, ಹೊಳೆ ಎರಡೂ ದಡ ನುಂಗಿ ಹರಿಯಿತು. ಪುಟ್ಟೀರಿಗೆ ನೋವು ಶುರುವಾದಾಗ ಮಾಳವ್ವ ಎಲೆ ಅಡಿಕೆ ಜಗಿಯುತ್ತ ದೋಣಿಯಿಂದ ಇಳಿದಳು, ಸೀರೆಯ ಅಂಚು ಕೂಡ ಒದ್ದೆಯಾಗಿರಲಿಲ್ಲ.

ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ದ್ಯಾವಣ್ಣ ಸಭೆಗೆ ಸಕ್ಕರೆ ಹಂಚಲು ಬಂದ. ರಾಜ ಬಾಯಿಗೆ ಸಕ್ಕರೆ ಹಾಕಿಕೊಂಡು ಕೇಳಿದ:

"ಒಂದು ಮಾತು ಹೇಳು ದ್ಯಾವಣ್ಣ. ಇಷ್ಟು ಒಳ್ಳೆಯ ಪ್ರಶ್ನೆ ನಿನ್ನ ಹತ್ತಿರ ಇತ್ತು. ಮತ್ತೆ ಆ ಹಳೇ ಪ್ರಶ್ನೆಯನ್ನೇ ಅಷ್ಟು ಸಲ ಕೇಳಿ ನಮ್ಮೆಲ್ಲರ ತಲೆ ಯಾಕೆ ತಿಂದೆ? ಇದನ್ನೇ ಮೊದಲ ದಿನ ಕೇಳಬಾರದಾಗಿತ್ತೇ?"

"ಮೊದಲ ದಿನ ಕೇಳಿದ್ದರೆ, ಬುದ್ಧಿ," ಎಂದ ದ್ಯಾವಣ್ಣ, "ಮಂತ್ರಿಗಳು ಕೇಳಿಸಿಕೊಂಡುಬಿಡುತ್ತಿದ್ದರು."