ಪಾಲಮ್ಮನ ಮನೆಯ ದೇವರು

ಹೂಂಗುಟ್ಟುತ್ತಾ ಕೇಳಿ, ಇಲ್ಲದಿದ್ದರೆ ನನಗೇ ನಿದ್ದೆ ಬರುತ್ತದೆ. ಬಹಳ ಹಿಂದೆ, ಪಾಳೆಯಗಾರರ ಕಾಲವೋ ಅದಕ್ಕೂ ಮೊದಲೋ, ಕರೇಕಲ್ಲಹಟ್ಟಿ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಪಾಲಮ್ಮ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ. ಅವಳು ಹೊಟ್ಟೆ ಮೇಲೆ ಕೈಯಿಟ್ಟರೆ ಅಡ್ಡ ತಿರುಗಿದ ಕೂಸೂ ನಾಚಿಕೊಂಡು ನೆಟ್ಟಗಾಗುತ್ತಿತ್ತಂತೆ. ನೋಡಿದವರು ಯಾರೂ ಉಳಿದಿಲ್ಲ, ಹಾಗಾಗಿ ನಂಬುವುದೇ ಸುಲಭ.

ದಾರಿಯ ಪಕ್ಕ ಅವಳದೊಂದು ಹುಲ್ಲಿನ ಮನೆ. ಕುರಿ ಕಾಯುವವರಾಗಲಿ, ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಹೋಗುವವರಾಗಲಿ, ಯಾವ ಜಾತಿಯ ಬಸುರಿ ಬಂದರೂ ಅಲ್ಲೇ ಹೆರಿಗೆ, ಅಲ್ಲೇ ಬಾಣಂತನ. ಊರವರು ಮನೆಗಿಷ್ಟು ರಾಗಿ ಕೊಡುತ್ತಿದ್ದರಂತೆ. ಬರಬರುತ್ತಾ ಬಸುರಿಯರು ಹೆಚ್ಚಾದರು, ರಾಗಿ ಸಾಲದಾಯಿತು. ಮನೆ ಮುಚ್ಚಿದರೆ ಈ ಹೆಣ್ಣುಮಕ್ಕಳು ಬೇಲಿ ಮರೆಯಲ್ಲಿ ಹೆರಬೇಕಲ್ಲ ಅಂತ ಪಾಲಮ್ಮನಿಗೆ ಒಂದೇ ಸಂಕಟ.

ಅಷ್ಟರಲ್ಲಿ ದೊರೆ ಡಂಗುರ ಸಾರಿಸಿದನಂತೆ. ಗುಡಿಯಾಗಲಿ, ಮಠವಾಗಲಿ, ದರ್ಗಾ ಆಗಲಿ, ಬಂದವರನ್ನು ಸಾಕುವ ದೇವರ ಮನೆಗೆಲ್ಲ ಹೊಲ ಉಂಬಳಿ. ಅರಮನೆಯ ಪಾರುಪತ್ಯಗಾರ ಬಂದು ಕಣ್ಣಾರೆ ನೋಡಿಹೋಗುತ್ತಾನೆ. ನನ್ನ ಮನೆಯಲ್ಲಿ ದೇವರೆಲ್ಲಿದೆ ಅಂದಳಂತೆ ಪಾಲಮ್ಮ. "ನೀನು ಸುಮ್ನಿರವ್ವ, ನಾವು ನೋಡ್ಕಂತೀವಿ" ಅಂದನಂತೆ ಊರ ಗೌಡ.

ನೋಡಿಕೊಂಡರು! ಪಾಲಮ್ಮ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಾಗ, ಮಸಿ ಹಿಡಿದ ಒಲೆ ದೇವರ ಮನೆಗೆ ಶೋಭೆಯಲ್ಲ ಅಂತ ಅದನ್ನು ಒಡೆದು, ಅದೇ ಮಣ್ಣಲ್ಲಿ ಒಂದು ಕಟ್ಟೆ ಕಟ್ಟಿದರು. ಮೂರು ಕೇರಿಯವರು ಮೂರು ಕಲ್ಲು ತಂದು ಕೂರಿಸಿದರು. ಒಬ್ಬರು ವಿಭೂತಿ ಬಳಿದರು, ಒಬ್ಬರು ಕುಂಕುಮ ಇಟ್ಟರು, ಇನ್ನೊಬ್ಬರು ಹಸಿರು ಬಟ್ಟೆ ಹೊದಿಸಿದರು. ಯಾರ ದೇವರು ನಡುವೆ ಕೂರಬೇಕು ಅಂತ ಜಗಳ ಬೇರೆ.

ಪಾಲಮ್ಮ ವಾಪಸು ಬರುವುದಕ್ಕೂ, ಪಾರುಪತ್ಯಗಾರ ಒಳಗೆ ಕಾಲಿಡುವುದಕ್ಕೂ, ಕುರಿಯವನ ಹೆಂಡತಿಯೊಬ್ಬಳು ನೋವು ತಿನ್ನುತ್ತಾ ಬಂದು ಬೀಳುವುದಕ್ಕೂ ಸರಿಹೋಯಿತಂತೆ. ಬಿಸಿನೀರಿಗೆ ಅಂತ ಪಾಲಮ್ಮ ತಿರುಗಿದರೆ ಒಲೆಯೇ ಇಲ್ಲ. ಎಂಥ ಕೋಪ ಬಂದಿರಬೇಡ! ಹಸಿರು ಬಟ್ಟೆಯನ್ನು ಮಡಿಸಿ ಕೂಸಿಗೆ ಅಂತ ಎತ್ತಿಟ್ಟಳಂತೆ. ಮೂರು ಕಲ್ಲನ್ನೂ ನೆಲಕ್ಕಿಳಿಸಿ, ನಡುವೆ ಬೆಂಕಿ ಹಾಕಿ, ಮೇಲೆ ಹಂಡೆ ಏರಿಸಿದಳಂತೆ. ಗೌಡ ಹಣೆ ಚಚ್ಚಿಕೊಂಡ. ಉಂಬಳಿ ಕೈಬಿಟ್ಟಿತು ಅಂತ ಪಾಲಮ್ಮನಿಗೂ ಗೊತ್ತಿತ್ತು. ಆದರೂ ಪಾರುಪತ್ಯಗಾರನ ಕಡೆ ತಿರುಗಿ, "ಹೊರಗ್ ನಿಂತ್ಕಳಿ ಸ್ವಾಮಿ, ಹೆಣ್ಮಗಳು ಹೆರ್ತಾ ಅವ್ಳೆ" ಅಂದಳಂತೆ.

ಅವನು ಹೊರಗೆ ನಿಂತ. ಬಹಳ ಹೊತ್ತು ನಿಂತ. ಕೊನೆಗೆ ಕೂಸು ಅತ್ತಿತು. ಎಂಥ ದನಿಯಂತೀರಿ, ಗುಡ್ಡದಾಚೆಯ ಕುರಿಗಳೆಲ್ಲ ಮೇಯುವುದು ಬಿಟ್ಟು ತಿರುಗಿ ನೋಡಿದವಂತೆ.

ಆ ಮನೆಯಲ್ಲಿ ದೇವರು ಇದ್ದಾರೆಯೇ ಅಂತ ದೊರೆ ಅರಮನೆಯಲ್ಲಿ ಕೇಳಿದನಂತೆ.

"ಇದ್ದಾರೆ ಬುದ್ಧಿ. ಕೆಲಸದಲ್ಲಿದ್ದರು, ನಾನು ಮಾತಾಡಿಸಲಿಲ್ಲ" ಅಂದನಂತೆ ಪಾರುಪತ್ಯಗಾರ. ಹೊಳೆದಂಡೆಯ ಹೊಲ ಪಾಲಮ್ಮನ ಬಾಣಂತಿ ಮನೆಗೆ ಬಂತು. ಪಾಲಮ್ಮ ಅವತ್ತು ಹೊಟ್ಟೆ ತುಂಬ ಉಂಡಳಂತೆ.

ಇವತ್ತಿಗೂ ಕರೇಕಲ್ಲಹಟ್ಟಿಯಲ್ಲಿ ಬಸುರಿಗೆ ದಿನ ತುಂಬಿದರೆ ಮೂರು ಕೇರಿಯವರು ಒಂದೊಂದು ಕಲ್ಲು ತಂದು ಅವಳ ಅಂಗಳದಲ್ಲಿ ಒಲೆ ಹೂಡುತ್ತಾರೆ. ಬಾಣಂತಿಯ ಮೊದಲ ಬಿಸಿನೀರು ಅದರ ಮೇಲೇ ಕಾಯಬೇಕು. ಹೊಸದಾಗಿ ಊರಿಗೆ ಬಂದ ಸೊಸೆಯರು ಆ ಒಲೆಗೆ ಕೈ ಮುಗಿಯಲು ಹೋದರೆ ಮುದುಕಿಯರು ಗದರುತ್ತಾರೆ: "ಕೈ ಮುಗಿಯಾದು ಆಮೇಲೆ, ಮೊದ್ಲು ಸೌದೆ ತಗಂಬಾ."